ಹದಿನೇಳನೇ ಹಾಳೆಯ ಮಸಿ

ಪೊಲೀಸರು ಕಡತದಲ್ಲಿ ಮಸಿ ಬಳಿದು ಮುಚ್ಚಿದ ಸಾಲುಗಳಿಗಾಗಿ ಜಗಳವಾಡುವುದು ನನ್ನ ಹೊಟ್ಟೆಪಾಡು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಬ್ಯಾರಿಸ್ಟರ್ ಆಗಿದ್ದೇನೆ. ಇವತ್ತು ಪೊಲೀಸರ ಪರ, ನಾಳೆ ಅವರ ವಿರುದ್ಧ. ಮೊದಲು ಬಂದವರ ಕೇಸು ಹಿಡಿಯಬೇಕೆಂಬುದು ನಮ್ಮ ಕಟ್ಟಳೆ. ಹೀಗಾಗಿ ಎರಡೂ ಕಡೆಯವರು ನನ್ನನ್ನು ನೋಡಿ ನಗುತ್ತಾರೆ, ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಈ ಕಥೆಯಲ್ಲಿ ಹೆಸರು ಬದಲಿಸಿದ್ದೇನೆ. ಇಲ್ಲದಿದ್ದರೆ ಈಗಲೂ ನಾನು ಬಾಯಿ ಬಿಡುವ ಹಾಗಿಲ್ಲ.

ನನ್ನ ಕಕ್ಷಿದಾರ ವಿಲ್ಫ್ ಹೋಲ್ರಾಯ್ಡ್ ಎಪ್ಪತ್ತೆಂಟರ ಮುದುಕ, ಬಸ್ಸು ಓಡಿಸಿ ನಿವೃತ್ತರಾದವರು. ನಲವತ್ತು ವರ್ಷದ ಹಿಂದೆ ಒಂದು ಶನಿವಾರ ಅವರ ತಮ್ಮ ಕೆನ್ ಫುಟ್‌ಬಾಲ್ ಪಂದ್ಯ ನೋಡಿ, ಕುಡಿದು, ಗಲಾಟೆ ಮಾಡಿ ಠಾಣೆ ಸೇರಿದ್ದ. ಬಂದು ಕರೆದುಕೊಂಡು ಹೋಗಿ ಎಂದು ಠಾಣೆಯಿಂದ ಅಣ್ಣನಿಗೆ ಫೋನ್ ಬಂತು. "ಬರಲ್ಲ. ಅಲ್ಲೇ ಬಿದ್ದಿರ್ಲಿ, ಬುದ್ಧಿ ಬರ್ಲಿ" ಎಂದು ಇವರು ಫೋನ್ ಕುಕ್ಕಿದರು. ಎರಡು ಗಂಟೆ ಕಳೆದ ಮೇಲೆ ಕೆನ್ ಲಾಕಪ್ಪಿನಲ್ಲೇ ಹೃದಯ ನಿಂತು ಸತ್ತ.

"ನಾನಂದಿದ್ದನ್ನ ಅವನಿಗೆ ಹೇಳಿದ್ರಾ, ಇಲ್ವಾ? ನಂಗೆ ಅಷ್ಟೇ ಬೇಕಾಗಿರೋದು, ಲಾಯರಮ್ಮ" ಎಂದರು ಹೋಲ್ರಾಯ್ಡ್, ಮೊದಲ ದಿನವೇ.

ಉತ್ತರ ಇದ್ದದ್ದು ಲಾಕಪ್ ಪುಸ್ತಕದ ಹದಿನೇಳನೇ ಹಾಳೆಯಲ್ಲಿ, ಮಸಿಯ ಕೆಳಗೆ. ಅದನ್ನು ಬರೆದ ಪೇದೆ ಇನ್ನೂ ಬದುಕಿದ್ದಾರೆ, ಅದು ಅವರ ಖಾಸಗಿ ಸಂಗತಿ ಎಂದು ಪೊಲೀಸರ ವಾದ. ಮಸಿ ತೆಗೆಸಲು ನಾವು ಮಾಹಿತಿ ಹಕ್ಕಿನ ನ್ಯಾಯಮಂಡಳಿಗೆ ಹೋದೆವು.

ವಿಚಾರಣೆಗೆ ಮೂರು ದಿನ ಇರುವಾಗ ಪೊಲೀಸರ ಕಡೆಯ ಯಾವನೋ ಪುಣ್ಯಾತ್ಮ, ನ್ಯಾಯಾಧೀಶರು ಮಾತ್ರ ನೋಡಬೇಕಿದ್ದ ಮಸಿಯಿಲ್ಲದ ಪ್ರತಿಯನ್ನು ನನಗೆ ಕಳಿಸಿಬಿಟ್ಟ. ಬೆಳಗಿನ ಟೋಸ್ಟ್ ಕಡಿಯುತ್ತಾ ಹಾಳೆ ತಿರುವಿದೆ. ಅಯ್ಯೋ ದೇವರೇ, ಇದು ನನಗಲ್ಲ ಎಂದು ಹೊಳೆಯುವಷ್ಟರಲ್ಲಿ ಕಣ್ಣು ಓದಿ ಮುಗಿಸಿತ್ತು.

"ಅಣ್ಣ ಬರುವುದಿಲ್ಲವಂತೆ. ಹುಡುಗನಿಗೆ ಹೇಳಲು ಮನಸ್ಸಾಗಲಿಲ್ಲ. ಅಣ್ಣ ಬಸ್ಸು ಹತ್ತಿದ್ದಾರೆ ಎಂದೆ. ಖುಷಿಯಾಗಿ ಕೋಟು ಹಾಕಿಕೊಂಡು ಕೂತಿದ್ದಾನೆ."

ಅಂಥ ಹಾಳೆ ಕೈಗೆ ಬಂದರೆ ಹಿಂದಿರುಗಿಸಬೇಕು, ನ್ಯಾಯಾಧೀಶರಿಗೆ ತಿಳಿಸಬೇಕು. ಎರಡನ್ನೂ ಮಾಡಿದೆ. ಕೇಸು ನಡೆಸಿ, ಆದರೆ ಕಕ್ಷಿದಾರನಿಗೆ ಒಂದಕ್ಷರ ಹೇಳಕೂಡದು ಎಂದು ಅವರ ಅಪ್ಪಣೆ ಬಂತು. ಹಾಳೆ ನೋಡಿದೆನೆಂಬುದನ್ನಷ್ಟೇ ಹೋಲ್ರಾಯ್ಡ್ ಅವರಿಗೆ ಹೇಳಬಹುದಿತ್ತು. ಹೇಳಿದೆ.

"ಒಳ್ಳೇ ಕಥೆ ಆಯ್ತಲ್ಲ! ಸತ್ತವನು ನನ್ನ ತಮ್ಮ, ಆಡಿದ್ದು ನನ್ನ ಮಾತು. ಪೊಲೀಸರಿಗೆ ಗೊತ್ತು, ನಿಮಗೆ ಗೊತ್ತು, ನಂಗೊಬ್ಬನಿಗೆ ಗೊತ್ತಿಲ್ಲ" ಎಂದರು.

"ಕೈ ಕಟ್ಟಿದ್ದಾರೆ, ಹೋಲ್ರಾಯ್ಡ್ ಅವರೇ."

"ಕೈ ಅಲ್ಲಮ್ಮ, ಬಾಯಿ."

ವಿಚಾರಣೆಯ ದಿನವಿಡೀ ಅವರು ನ್ಯಾಯಾಧೀಶರ ಕಡೆ ತಿರುಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಲಾರದ ಉಗುಳಲಾರದ ಬಿಸಿ ತುತ್ತು ಬಾಯಲ್ಲಿಟ್ಟುಕೊಂಡೇ ನಾನು ವಾದ ಮಾಡಿದೆ. ಸಂಜೆ ನಾಲ್ಕಕ್ಕೆ ಸೋತೆವು.

ಹೊರಗೆ ಬಸ್ ನಿಲ್ದಾಣದ ತನಕ ಜೊತೆಗೆ ಹೋದೆ. ಅಲ್ಲಿ ಅವರು ಕೇಳಿದರು, "ಅಪೀಲು ಹೋಗೋಣ್ವಾ? ನೀವು ಹೇಗೆ ಹೇಳ್ತೀರೋ ಹಾಗೆ."

ಕಾನೂನಿನಲ್ಲಿ ಎಳ್ಳಷ್ಟೂ ದಾರಿ ಇರಲಿಲ್ಲ. ಹೋಗಿ ಎಂದರೆ ಸುಳ್ಳು. ಬೇಡ ಎಂದರೆ ಅವರು ಏನು ತಿಳಿದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಆದರೂ ವಕೀಲಿ ಬುದ್ಧಿ ಎಲ್ಲಿ ಬಿಟ್ಟೀತು? "ಗೆಲ್ಲೋ ದಾರಿ ಇಲ್ಲ. ಬಿಟ್ಟುಬಿಡಿ" ಎಂದೆ.

ಅವರು ಕೋಟಿನ ಗುಂಡಿ ಹಾಕಿಕೊಂಡರು. "ಹಾಗಾದ್ರೆ ಅವನಿಗೆ ಹೇಳಿದ್ದಾರೆ."

"ನಾನು ಹಾಗನ್ಲಿಲ್ಲ."

"ಅನ್ಬೇಡಿ ತಾಯಿ. ಒಳ್ಳೇದಿದ್ದಿದ್ರೆ ನೀವು ಬಿಡಿ ಅಂತಿರ್ಲಿಲ್ಲ. ನನ್ನ ಮನಸ್ಸು ನೋಯಬಾರದು ಅಂತ ಮುಚ್ಚಿಟ್ರಲ್ಲ, ಪುಣ್ಯ ಬರ್ಲಿ." ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಇಲ್ಲ, ಹೇಳಿಲ್ಲ, ಅವನು ನಿಮ್ಮ ದಾರಿ ಕಾಯುತ್ತಾ ಸಂತೋಷವಾಗಿದ್ದ ಎಂದು ಕೂಗಬೇಕೆನಿಸಿತು. ಬಸ್ಸು ಬಂತು, ಅವರು ಹತ್ತಿದರು.

ಮಾರ್ಚಿನಲ್ಲಿ ಹೋಲ್ರಾಯ್ಡ್ ತೀರಿಕೊಂಡರೆಂದು ಕಾಗದ ಬಂತು. ನಾನು ಒಬ್ಬಳೇ ಇರುವವಳು, ಮನೆಯಲ್ಲಿ ಮಾತಾಡುವ ಅಭ್ಯಾಸವಿಲ್ಲ. ಆ ದಿನ ಮಾತ್ರ ಅಡುಗೆಮನೆಯಲ್ಲಿ ನಿಂತು "ಇಲ್ಲ, ಹೇಳಿರಲಿಲ್ಲ" ಎಂದು ಜೋರಾಗಿ ಅಂದೆ. ಕೇಳಬೇಕಾದವರು ಹೋಗಿಯಾಗಿತ್ತು.