ಮಗ್ಗ ಬಿಚ್ಚಿದವನು

ಗಿರಣಿ ಮುಚ್ಚಿದ ಮೇಲೆ ಮಗ್ಗಗಳನ್ನು ಬಿಚ್ಚುವ ಕೆಲಸ ಹಳೆಯ ಫಿಟ್ಟರನ ಪಾಲಿಗೆ ಬಂತು. ಕೂಲಿ ಅಗ್ಗವಾಗಿರುವ ದೂರದ ದೇಶದ ಕಂಪನಿಯೊಂದು ಅವನ್ನು ಕೊಂಡಿತ್ತು. ಫಿಟ್ಟರನ ತಾತನ ಕಾಲದಲ್ಲಿ ಇದೇ ಮಗ್ಗಗಳು ಇದೇ ಕಾರಣಕ್ಕೆ ಬೇರೊಂದು ದೇಶದಿಂದ ಈ ಊರಿಗೆ ಬಂದಿದ್ದವು.

"ಅಲ್ಲಿ ಜೋಡಿಸೋಕೆ ನಿಮ್ಮನ್ನೇ ಕರ್ಕೊಂಡು ಹೋಗ್ತೀವಿ," ಎಂದು ಕಂಪನಿಯ ಏಜೆಂಟ್ ಮಾತು ಕೊಟ್ಟಿದ್ದ. ಅದನ್ನು ನಂಬಿದ ಫಿಟ್ಟರ್, ಮನೆತನದ ಪದ್ಧತಿಯಂತೆ, ಬಿಚ್ಚಿದ ಪ್ರತಿ ಭಾಗಕ್ಕೂ ಅದು ಕೂಡುವ ಭಾಗಕ್ಕೂ ಉಳಿಯಿಂದ ಒಂದೇ ಗುರುತು ಹೊಡೆದ.

ಅದೇ ಗಿರಣಿಯಲ್ಲಿ ನೇಯುತ್ತಿದ್ದ ಹೆಂಡತಿ ಊಟದ ಡಬ್ಬಿ ತಂದವಳು ನಿಂತು ನೋಡಿದಳು.

"ಏನ್ರೀ ಇದು, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಸಿಂಗಾರ ಮಾಡ್ತಿದ್ದೀರಿ! ಒಂದೆರಡು ಗುರುತು ನಿಮ್ಮ ತಲೇಲೇ ಇರ್ಲಿ."

"ಗುರುತಿಲ್ದೆ ಬಿಚ್ಚೋದು ಗುಜರಿಯವನ ಕೆಲಸ ಕಣೇ. ಹಾಗೆ ಮಾಡೋಕೆ ನನಗೆ ಕೈ ಬರಲ್ಲ."

"ನಿಮ್ಮ ಕೈ ದೊಡ್ಡದೇ. ಹೊಟ್ಟೆ ಅದಕ್ಕಿಂತ ದೊಡ್ಡದು."

ಕೊನೆಯ ಲಾರಿ ತುಂಬುವ ದಿನ ಫಿಟ್ಟರ್ ಪ್ರಯಾಣಕ್ಕೆಂದು ತನ್ನ ಬಟ್ಟೆಯ ಪೆಟ್ಟಿಗೆಯನ್ನೂ ಹೊತ್ತು ಬಂದ. ಏಜೆಂಟ್ ಎರಡು ಭಾಗಗಳನ್ನೆತ್ತಿ, ಗುರುತಿಗೆ ಗುರುತು ಕೂಡಿಸಿ ನೋಡಿ, ಅವನ ಬೆನ್ನು ತಟ್ಟಿದ.

"ಎಂಥಾ ಕೆಲಸ ಯಜಮಾನ್ರೇ! ಇದನ್ನ ಯಾರು ಬೇಕಾದ್ರೂ ಜೋಡಿಸ್ತಾರೆ. ನೀವು ಅಷ್ಟು ದೂರ ಬರೋ ತೊಂದ್ರೆನೇ ತಪ್ಪಿತು."

ಅಷ್ಟರಲ್ಲಿ ಹಗ್ಗ ಬಿಗಿಯಲು ಇನ್ನೊಬ್ಬ ಆಳು ಬೇಕೆಂದು ಚಾಲಕ ಕೂಗಿದ. ಫಿಟ್ಟರ್ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಹೋಗಿ, ಹಗ್ಗದ ತುದಿ ಹಿಡಿದು ಮೈಭಾರವನ್ನೆಲ್ಲ ಹಾಕಿ ಎಳೆದ. ಸಡಿಲ ಬಿಟ್ಟರೆ ದಾರಿಯಲ್ಲಿ ಮಗ್ಗದ ಚಕ್ರಗಳ ಹಲ್ಲುಗಳು ಮುರಿಯುತ್ತವೆಂದು ಅವನಿಗೆ ಗೊತ್ತಿತ್ತು.