ಒಂಬತ್ತೂವರೆಯ ಔಷಧಿ

ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಅಂದುಕೊಂಡಿದ್ದ, ಅಲ್ಲ, ಅದು ಫ್ರಿಜ್ಜು, ನಿಲ್ಲುವ ಮುಂಚೆ ಹೀಗೇ ಟಕ್ ಟಕ್ ಅನ್ನುತ್ತದೆ, ಇಷ್ಟು ವರ್ಷ ಈ ಮನೆಯಲ್ಲಿದ್ದೂ ಕೇಳಿಸಿಕೊಂಡಿರಲಿಲ್ಲ, ಈಗ ಬೀದಿಯಲ್ಲಿ ಒಂದು ಗಾಡಿಯೂ ಇಲ್ಲವಲ್ಲ, ಮನೆಯ ಸಾಮಾನುಗಳಿಗೆಲ್ಲ ಬಾಯಿ ಬಂದಿದೆ — ಗಂಟೆ ಎಂಟೂ ಐವತ್ತು, ಅಕ್ಕನ ಕೋಣೆಯ ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಿದ್ದಾನೆ, ಬೆನ್ನು ಗೋಡೆಗೆ, ತೊಡೆಯ ಮೇಲೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅವನ ಔಷಧಿಯ ನಾಲ್ಕು ಬಾಟಲಿ, ಹೆಬ್ಬೆರಳಿನಷ್ಟಷ್ಟೇ ದೊಡ್ಡವು, ಪೆಟ್ಟಿಗೆಗೆ ಬೀಗ, ಬೀಗದ ಕೈ ಅಕ್ಕನ ಹತ್ತಿರ, ಅಕ್ಕ ಬಾಗಿಲಿನ ಆಚೆ, ಜ್ವರಕ್ಕೆ ಇದು ಐದನೇ ದಿನ. ನಿಂಗೂ ಅಂಟಿಬಿಟ್ರೆ ಇಬ್ಬರನ್ನೂ ನೋಡೋರು ಯಾರೋ ಅಂತ ಮೊದಲ ದಿನವೇ ಒಳಗಿನಿಂದ ಬೀಗ ಹಾಕಿಕೊಂಡಳು. ದಿನಾ ಎಂಟೂವರೆಗೆಲ್ಲ ಬಾಗಿಲ ಕೆಳಗಿನ ಸಂದಿಯಿಂದ ಕೀಲಿಕೈ ಸರಕ್ಕನೆ ಈಚೆ ಬರುತ್ತಿತ್ತು, ಹಿಂದೆಯೇ ಅವಳ ದನಿ, ತಗೊಳ್ಳೋ, ಕುಡಿದ್ಮೇಲೆ ವಾಪಸ್ ತಳ್ಳು, ಮರೀಬೇಡ. ಇವತ್ತು ಇನ್ನೂ ಬಂದಿಲ್ಲ. ಬರುತ್ತದೆ, ಎಲ್ಲಿ ಹೋಗುತ್ತದೆ, ಒಂಬತ್ತೂವರೆಗೆ ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲಿ ಬರುವುದರೊಳಗೆ ಬಂದರೆ ಸಾಕು.

ಬೀಗವಂತೆ ಬೀಗ. ಆಸ್ಪತ್ರೆಯವರು ಇದನ್ನು ಕೈಗಿಟ್ಟಾಗ ನಗು ತಡೆಯುವುದೇ ಕಷ್ಟವಾಗಿತ್ತು, ಸ್ಕೂಲ್ ಮಕ್ಕಳ ಪೆಟ್ಟಿಗೆಗೆ ಹಾಕುವಂಥದು, ಇಪ್ಪತ್ತೆರಡು ವರ್ಷ ಬೀಗ ರಿಪೇರಿ ಮಾಡಿದವನಿಗೆ, ಪೇಟೆಯಲ್ಲಿ ಯಾರ ಕೀಲಿ ಕಳೆದರೂ ಮೊದಲು ನೆನಪಾಗುತ್ತಿದ್ದವನಿಗೆ, ಇದು ಆಟಿಕೆ. ಅರ್ಜಿಯಲ್ಲಿ ಉದ್ಯೋಗ ಅಂತಿದ್ದ ಕಡೆ ಕಬ್ಬಿಣದ ಕೆಲಸ ಅಂತ ಬರೆದಿದ್ದ, ಸುಳ್ಳೇನಲ್ಲ, ಬೀಗವೂ ಕಬ್ಬಿಣವೇ ತಾನೇ, ನಿಜ ಬರೆದಿದ್ದರೆ ಏಳು ದಿನದ ಔಷಧಿ ಒಟ್ಟಿಗೆ ಕೊಡುತ್ತಿದ್ದರೇ? ಅದಕ್ಕೂ ಮುಂಚೆ ಎರಡು ವರ್ಷ ಆ ಚಟ ಬಿಡಿಸುವ ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಸಾಲು, ಗಾಜಿನ ಕಿಂಡಿ, ಸಿಸ್ಟರ್ ಎದುರಿಗೇ ಕುಡಿಯಬೇಕು, ಬಾಯಿ ತೆರೆದು ತೋರಿಸಬೇಕು, ನಾಲಿಗೆ ಎತ್ತಬೇಕು, ಆಮೇಲೆ ಏನಾದರೂ ಒಂದು ಮಾತಾಡಬೇಕು — ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಮಾರುವ ಪುಣ್ಯಾತ್ಮರೂ ಇದ್ದರಲ್ಲ, ಮಾತಾಡಿದರೆ ನುಂಗಿದ ಹಾಗೆ ಲೆಕ್ಕ. ದಿನಾ ಏನು ಮಾತಾಡುವುದು? ಮೋಡ ಆಗಿದೆ ಸಿಸ್ಟರ್. ಸೊಂಟ ಹಿಡಿದಿದೆ ಸಿಸ್ಟರ್. ನಿಮ್ಮ ಕಿಂಡಿ ಚಿಲಕಕ್ಕೆ ಒಂದು ತೊಟ್ಟು ಎಣ್ಣೆ ಬಿಡಿಸಿ ಸಿಸ್ಟರ್. ಆಮೇಲೆ ಈ ರೋಗ ಬಂತು, ಜನ ಸಾಲಲ್ಲಿ ನಿಲ್ಲಬಾರದು ಅಂತಾಯಿತು, ಎರಡು ವರ್ಷ ಒಂದು ದಿನದ ಮಟ್ಟಿಗೂ ನಂಬದವರು ಒಂದೇ ವಾರದಲ್ಲಿ ನಂಬಿಬಿಟ್ಟರು, ಏಳು ಬಾಟಲಿ ತಗೊಂಡ್ಹೋಗಿ, ಮನೇಲಿ ಯಾರಾದ್ರೂ ಕೀಲಿ ಇಟ್ಕೊಳ್ಳಲಿ, ಒಂಬತ್ತೂವರೆಗೆ ವಿಡಿಯೋದಲ್ಲಿ ನನ್ನೆದುರು ಕುಡೀರಿ. ಅವತ್ತು ಅವನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಆಕಳಿಕೆ. ಇನ್ನೊಂದು. ಅಂಗೈ ಬೆವರುತ್ತಿದೆ, ಒಂದು ಗಂಟೆ ತಡವಾದರೆ ಏನೂ ಆಗಲ್ಲ, ಒಂದು ಸಲ ಕುಡಿದದ್ದು ಇಡೀ ದಿನ ತಡೆಯುತ್ತೆ, ಮಿಕ್ಕಿದ್ದೆಲ್ಲ ನಿಮ್ಮ ಭಯ ಅಂತ ಸಿಸ್ಟರ್ ಹೇಳಿದ್ದಾಳೆ, ಹೇಳುವುದು ಸುಲಭ, ಭಯಕ್ಕೂ ಬೆವರು ಬರುತ್ತದಲ್ಲ. ಕೈಯಲ್ಲಿ ಅಕ್ಕನ ಹೇರ್‌ಪಿನ್ನು ಇದೆ, ಕಿಟಕಿಯ ಹತ್ತಿರ ಬಿದ್ದಿತ್ತು, ಕಿವಿ ತುರಿಸಿಕೊಳ್ಳಲು ತೆಗೆದುಕೊಂಡದ್ದು, ಹೌದಪ್ಪಾ, ಕಿವಿಗೇ. ನಿನ್ನೆ ಸಂಜೆ ಚಟ ಬಿಡುವವರ ಮೀಟಿಂಗಿನಲ್ಲಿ ಹೇಳಬೇಕಿತ್ತು, ಕೀಲಿ ನನ್ನ ಅಕ್ಕನ ಕೈಲಿದೆ, ಆದರೆ ನನಗೆ ಕೀಲಿಯೇ ಬೇಕಾಗಿಲ್ಲ ಅಂತ. ಹೇಳಲಿಲ್ಲ. ಮೊದಲಾದರೆ ನೆಲಮಾಳಿಗೆಯಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ ಸುತ್ತಲೂ ಹಾಕಿ ಕೂರುತ್ತಿದ್ದರು, ಒಬ್ಬನ ಮಂಡಿ ಅಲ್ಲಾಡುತ್ತಿದ್ದರೆ ಪಕ್ಕದವನಿಗೆ ಗೊತ್ತಾಗುತ್ತಿತ್ತು, ಈಗ ಫೋನಿನಲ್ಲಿ ಅಂಚೆಚೀಟಿಯಷ್ಟು ಮುಖಗಳು, ಮಂಡಿ ಎಲ್ಲಿ ಕಾಣುತ್ತದೆ? ಬಸ್ಸಿನ ಡ್ರೈವರಣ್ಣ ಡಿಪೋದಲ್ಲಿ ನಿಂತ ಬಸ್ಸಿನೊಳಗಿಂದಲೇ ಬರುತ್ತಾನೆ, ಮನೇಲಿ ಮಾತಾಡೋಕೆ ಜಾಗ ಇಲ್ಲ ಕಣ್ರೋ, ಇಲ್ಲಿ ನಲವತ್ತು ಸೀಟು ಖಾಲಿ. ನಗು. ಎಂದೂ ಬಾಯಿ ಬಿಡದಿದ್ದ ಟೀಚರಮ್ಮ ಕ್ಯಾಮೆರಾ ಮುಚ್ಚಿಕೊಂಡು ಅರ್ಧ ಗಂಟೆ ಮಾತಾಡಿದಳು, ಮುಖ ಕಾಣದಿದ್ದರೆ ಕೆಲವರಿಗೆ ಧೈರ್ಯ. ಪ್ರೆಸ್ಸಿನ ಉದ್ದನೆಯವನು ಮಾತ್ರ ನಾಲ್ಕು ವಾರದಿಂದ ಇಲ್ಲ, ಕುರ್ಚಿಯಾದರೆ ಖಾಲಿ ಕಾಣುತ್ತಿತ್ತು, ಫೋನಿನಲ್ಲಿ ಮಿಕ್ಕ ಚೌಕಗಳು ಹತ್ತಿರ ಸರಿದು ಜಾಗ ಮುಚ್ಚಿಬಿಡುತ್ತವೆ. ಅವನ ಮನೆ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನಿಗೆ ಗೊತ್ತಿದೆಯೇ, ಈ ಬೀಗ ತನಗೆ ಲೆಕ್ಕಕ್ಕಿಲ್ಲ ಅಂತ? ಗೊತ್ತಿರದೆ ಏನು, ಒಂದು ಕಾಲದಲ್ಲಿ ಇವನ ಕೈಲೇ ಬೀಗ ಹಾಕಿಸಿಕೊಂಡವಳು — ಅದನ್ನು ನೆನೆಯಬಾರದು, ನೆನೆಯುತ್ತಿದ್ದಾನೆ — ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು, ನೋವಿನ ಮಾತ್ರೆ ನುಂಗಿ ನುಂಗಿ, ನೋವು ಹೋಗಿ ಮಾತ್ರೆ ಉಳಿದ ಕಾಲ ಅದು, ಅದೇ ವರ್ಷ ಭಾವ ಈ ಕೋಣೆಯಲ್ಲೇ ಕ್ಯಾನ್ಸರಿನಲ್ಲಿ ಮಲಗಿದ್ದರು, ಭಾವನ ಮಾತ್ರೆಗಳು ಕಪಾಟಿನಲ್ಲಿ, ಎಣಿಸಿಟ್ಟವು. ಎರಡು ಕಡಿಮೆಯಾದವು, ಮೂರು ಕಡಿಮೆಯಾದವು. ನಾನೇ ತಪ್ಪು ಎಣಿಸ್ತಿದೀನೇನೋ, ನಿದ್ದೆಗೆಟ್ಟು ತಲೆ ಕೆಟ್ಟಿದೆ, ಒಂದು ಒಳ್ಳೇ ಬೀಗ ಹಾಕ್ಕೊಡೋ ತಮ್ಮ. ಹಾಕಿಕೊಟ್ಟ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಭಾವ ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚುತ್ತಿದ್ದರು, ಮುಂದಿನ ಮಾತ್ರೆಗೆ ಇನ್ನೂ ಹೊತ್ತಿದೆ ಕಣ್ರೀ, ತಡ್ಕೊಳ್ಳಿ ಅಂತ ಅಕ್ಕ ಕಾಲು ಒತ್ತುತ್ತಿದ್ದಳು, ಅವನು ಆಚೆ ಕೋಣೆಯಲ್ಲಿ ಬೆಚ್ಚಗೆ ಮಲಗಿದ್ದ. ಅಕ್ಕ ಆ ವಿಷಯ ಇವತ್ತಿನವರೆಗೂ ಎತ್ತಿಲ್ಲ. ಆಸ್ಪತ್ರೆಯವರು ಕೀಲಿ ಯಾರು ಇಟ್ಕೋತಾರೆ ಅಂದಾಗ, ನಾನು, ಅಂದಳು, ಅಷ್ಟೇ.

ಒಂಬತ್ತೂ ಹತ್ತು. ನೋಡು, ಅರ್ಧ ಗಂಟೆಯಿಂದ ಪಿನ್ನು ಕೈಯಲ್ಲಿದೆ, ಪೆಟ್ಟಿಗೆ ತೊಡೆಯ ಮೇಲಿದೆ, ಬೀಗ ಮುಟ್ಟಿಲ್ಲ, ಮೆಚ್ಚಬೇಕು ಕಣಯ್ಯಾ ನಿನ್ನ, ಮುಂದಿನ ಮೀಟಿಂಗಿನಲ್ಲಿ ಇದನ್ನೇ ಹೇಳಬೇಕು, ಡ್ರೈವರಣ್ಣ ಹಾರನ್ ಬಾರಿಸುತ್ತಾನೆ — ಕಣ್ಣು ಸಂದಿಯ ಮೇಲೇ, ಕೀಲಿ ಕಂಡೀತೆಂದು ತಲೆ ನೆಲಕ್ಕೆ ಬಗ್ಗಿಸಿದ, ಮೂಗಿಗೆ ಹುಳಿ ವಾಸನೆ, ಹಾಲು, ರಾತ್ರಿ ಅಕ್ಕನಿಗೆ ಅಂತ ಇಟ್ಟ ಹಾಲು, ಮೇಲೆ ಕೆನೆ ಕಟ್ಟಿದೆ, ಪಕ್ಕದಲ್ಲಿ ಬ್ರೆಡ್ಡು, ಮುಚ್ಚಿದ ತಟ್ಟೆ ಮುಚ್ಚಿದ ಹಾಗೇ ಇದೆ. ತಟ್ಟೆ ಬಾಗಿಲ ನಡುವೆ ಇತ್ತಲ್ಲ, ಈ ಮೂಲೆಗೆ ಹೇಗೆ ಬಂತು? ಸಂದಿ ಸರಿಯಾಗಿ ಕಾಣಲಿ ಅಂತ ಅವನೇ ಸರಿಸಿದ್ದ. ಎಂಟೂವರೆಗೆ ಬಂದವನೇ ಕಾಲಲ್ಲಿ ಪಕ್ಕಕ್ಕೆ ಸರಿಸಿದ್ದ. ಥೂ ನಿನ್ನ. ಕೀಲಿ ಯಾಕೆ ಬರಲಿಲ್ಲ ಅಂತ ನಲವತ್ತು ನಿಮಿಷ ಯೋಚಿಸಿದವನು ಅಕ್ಕ ಯಾಕೆ ಏಳಲಿಲ್ಲ ಅಂತ ಒಂದು ಸಲವೂ ಯೋಚಿಸಲಿಲ್ಲ. ಅಕ್ಕಾ. ಅಕ್ಕಾ, ಬಾಗ್ಲು ತೆಗಿಯೇ. ಬಡಿದ, ಒಳಗೆ ಏನೋ ಉರುಳಿದ ಸದ್ದು, ಮತ್ತೆ ಏನೂ ಇಲ್ಲ. ಪಿನ್ನು ಬಾಗಿಲ ಬೀಗಕ್ಕೆ ಹೋಯಿತು, ಎರಡು ಸಲ ಜಾರಿತು, ಮೂರನೇ ಸಲ ತಿರುಗಿತು.

ಒಳಗೆ ಕಿಟಕಿ ಮುಚ್ಚಿತ್ತು, ಅಕ್ಕ ಮಂಚದ ಅಂಚಿಗೆ ಬಂದು ಬಿದ್ದಂತೆ ಮಲಗಿದ್ದಳು, ಉಸಿರು ಮೇಲೆ ಮೇಲೆ, ತುಟಿ ನೇರಳೆ, ಬಲಗೈ ಮುಷ್ಟಿ ಕಟ್ಟಿತ್ತು, ಬೆರಳುಗಳ ನಡುವಿನಿಂದ ಕೀಲಿಯ ತುದಿ ಕಾಣುತ್ತಿತ್ತು, ಬಾಗಿಲವರೆಗೆ ಬರಲು ನೋಡಿದ್ದಳು ಪಾಪ. ಟೈಮೆಷ್ಟಾಯ್ತೋ, ಅಂದಳು. ಹಣೆ ಮುಟ್ಟಿದ, ಸುಡುತ್ತಿತ್ತು, ಆಂಬುಲೆನ್ಸಿಗೆ ಫೋನು ಮಾಡಿದ, ಬಂದರು, ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ತೊಟ್ಟ ಇಬ್ಬರು. ಅದರಲ್ಲಿ ಹೆಂಗಸು ಬೆರಳಿಗೆ ಕ್ಲಿಪ್ಪು ಹಾಕಲು ಬಲಗೈ ಬಿಡಿಸಲು ನೋಡಿದಳು, ಅಕ್ಕ ಬಿಡಲಿಲ್ಲ, ಸರಿ ಬಿಡಿ, ಎಡಗೈಗೇ ಹಾಕೋಣ. ಆಮ್ಲಜನಕ ಕಡಿಮೆ ಇದೆ, ಆದ್ರೆ ಮಾತಾಡ್ತಿದಾರಲ್ಲ, ಒಳ್ಳೇದೇ, ನೀವು ಜೊತೇಲಿ ಬರೋ ಹಾಗಿಲ್ಲ ಸಾರ್, ನೀವೂ ಮನೆ ಬಿಟ್ಟು ಹೊರಡಬೇಡಿ. ಮುಷ್ಟಿ ಹೊದಿಕೆಯ ಹೊರಗೇ ಇತ್ತು, ಮೆಟ್ಟಿಲಿಳಿಯುವಾಗಲೂ, ಗಾಡಿಯ ಬಾಗಿಲು ಮುಚ್ಚುವಾಗಲೂ. ಒಂಬತ್ತೂವರೆಗೆ ಬಂದ ಕರೆಯನ್ನು ಅವನು ಎತ್ತಲಿಲ್ಲ.

ಹತ್ತಕ್ಕೆ ಮತ್ತೆ ಸಿಸ್ಟರ್, ಮಾಸ್ಕಿನ ಮೇಲೆ ಎರಡು ಕಣ್ಣು, ಏನಾಯ್ತು, ಯಾಕೆ ಎತ್ತಲಿಲ್ಲ. ಹೇಳಿದ. ಅಕ್ಕನ ಆಸ್ಪತ್ರೆ ಯಾವುದು ಕೇಳಿದಳು, ಬರೆದುಕೊಂಡಳು, ನಾನು ಫೋನ್ ಮಾಡಿ ವಿಚಾರಿಸಿ ತಿಳಿಸ್ತೀನಿ, ಈಗ ಪೆಟ್ಟಿಗೆ ತೆಗೀರಿ. ಕೀಲಿ ಅಕ್ಕನ ಜೊತೆ ಹೋಯ್ತು ಸಿಸ್ಟರ್. ಗೊತ್ತಾಯ್ತು, ತೆಗೀರಿ, ಎರಡು ವರ್ಷ ನನ್ನ ಕಿಂಡಿ ಚಿಲಕಕ್ಕೆ ವೈದ್ಯ ಹೇಳಿದೋರು ನೀವು, ಕಬ್ಬಿಣದ ಕೆಲಸವಂತೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ. ಪಿನ್ನು, ಒಂದು ತಿರುವು, ಟಿಕ್ ಅಂತ ಬಿಟ್ಟಿತು, ಇಷ್ಟೇ ಇದ್ದದ್ದು, ಒಂದು ಬಾಟಲಿ ಎತ್ತಿದ, ಮೂರು ಒಳಗೇ ನಿಂತವು, ಕುಡಿದ, ಕಹಿ, ಬಾಯಿ ತೆರೆದ, ನಾಲಿಗೆ ಎತ್ತಿದ. ಬೀಗ ಒತ್ತಿ ಹಾಕಿದ. ಇನ್ನು ಮೂರು ದಿನ ನೀವೇ ಕೀಲಿ, ಆಗುತ್ತಾ? ಆಗುತ್ತೆ ಅನ್ನಬೇಕು. ಮಾತಾಡಿ, ಸಿಸ್ಟರ್ ಅನ್ನುತ್ತಿದ್ದಾಳೆ, ಏನಾದ್ರೂ ಒಂದು ಮಾತಾಡಿ. ಹಣೆ ಮುಟ್ಟಿದೆ ಸಿಸ್ಟರ್, ಸುಡುತ್ತಿತ್ತು — ಅಲ್ಲ, ಹಣೆ ಆಮೇಲೆ, ಮೊದಲು ಹೋದದ್ದು ಹಣೆಗಲ್ಲ, ಬಾಗಿಲು ತೆರೆದು ಓಡಿದವನ ಕೈ ನೆಟ್ಟಗೆ ಹೋದದ್ದು ಕೀಲಿಯಿದ್ದ ಮುಷ್ಟಿಗೆ, ಕೈ ತಾನೇ ಹೋಯಿತು, ಅವನಿಗೆ ಗೊತ್ತಾಗುವ ಮುಂಚೆ, ಅಕ್ಕನ ಕಿರುಬೆರಳು ಆಗಲೇ ಬಿಡಿಸಿಯಾಗಿತ್ತು, ಟೈಮೆಷ್ಟಾಯ್ತೋ ಅಂದಾಗ ಅಕ್ಕನ ಕಣ್ಣು ತೆರೆದೇ ಇದ್ದವು, ನೋಡಿದ್ದಳು. ಮಾತಾಡಿ. ಸಿಸ್ಟರ್, ನಾನು ಮೊದ್ಲು — ಆಗ ಅವನ ಬೆರಳುಗಳ ಕೆಳಗೆ ಅಕ್ಕನ ಮುಷ್ಟಿ, ಅದರಿಂದ ಎದ್ದು ನಿಂತ ಕಿರುಬೆರಳು, ನೋಡುತ್ತಿದ್ದ ಹಾಗೇ ಅಕ್ಕ ಅದನ್ನು ನಿಧಾನವಾಗಿ ಮತ್ತೆ ಮಡಚಿಕೊಂಡಳು.