ಮದುವೆ ದಿಬ್ಬಣದ ಆ ಒಂದು ಗುಂಡು

ಮಡಿಕೇರಿ ಬಳಿಯ ಗಾಳಿಬೀಡಿನಲ್ಲಿ ಯಾರ ಮನೆಗಾದರೂ ಪೊಲೀಸರು ಬಂದರೆ ಸಾಕು, "ನಮ್ಮ ಹುಡುಗ ಅಪ್ಪಟ ಚಿನ್ನ" ಎನ್ನಲು ಅಕ್ಕಪಕ್ಕದವರೆಲ್ಲ ಸಿದ್ಧ. ಪ್ರೀತಿಯೇನೋ ದೊಡ್ಡದು. ಆದರೆ ಆ ಪ್ರೀತಿಯೇ ಬೊಳ್ಳಮ್ಮನವರ ಮಗ ದೀಕ್ಷಿತನ ಕೆಲಸಕ್ಕೆ ಕುತ್ತು ತರುವುದರಲ್ಲಿತ್ತು.

ದೀಕ್ಷಿತ್ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದಕ್ಕೆ ಆಯ್ಕೆಯಾಗಿದ್ದ. ಭದ್ರತಾ ಪರಿಶೀಲನೆ ಮಾತ್ರ ಬಾಕಿ. ಅದರ ಫಾರಂ ತುಂಬುವಾಗ "ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ?" ಎಂಬಲ್ಲಿ ಅವನ ಪೆನ್ನು ನಿಂತಿತು. ಕೆಲವು ವರ್ಷಗಳ ಹಿಂದೆ ಮಾವನ ಮಗನ ಮದುವೆ ದಿಬ್ಬಣದಲ್ಲಿ, ನಡುರಸ್ತೆಯಲ್ಲಿ ಮನೆಯ ಕೋವಿಯಿಂದ ಗಾಳಿಯಲ್ಲಿ ಗುಂಡು ಹಾರಿಸಿದ್ದ. ಕೇಸಾಯಿತು. ಅಲೆದಾಟ ತಪ್ಪಲೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದ.

"ಇಲ್ಲ ಅಂತ ಬರಿ ಮಗಾ," ಎಂದರು ಬೊಳ್ಳಮ್ಮ. "ಹುತ್ತರಿ ಹಬ್ಬಕ್ಕೆ ಗದ್ದೆಯಲ್ಲಿ ಭತ್ತದ ಕದಿರು ತೆಗೆವಾಗ ಇಡೀ ಊರೇ ಗುಂಡು ಹೊಡೀತದೆ. ಅದೆಂತ ಅಪರಾಧವಾ? ದಂಡ ಕಟ್ಟಿ ಮುಗಿದೂ ಹೋಯ್ತು. ಪೊಲೀಸ್ ಬಂದ್ರೆ ನಾನೂ ಆಚೆಮನೆ ಬೆಳ್ಯಪ್ಪಣ್ಣನೂ ಹೇಳ್ತೇವೆ, ಇವ ಕೋವಿ ಮುಟ್ಟಿದವನೇ ಅಲ್ಲ ಅಂತ."

ಎಳೆ ಬಿದಿರಿನ ಕಣಿಲೆ ಕೊಡಲು ಬಂದಿದ್ದ ಪಕ್ಕದ ಮನೆಯ ದಿವ್ಯ ಇದನ್ನು ಕೇಳಿ ಅಲ್ಲೇ ಕುಳಿತಳು. ಅವಳು ಮಡಿಕೇರಿ ಕೋರ್ಟಿನಲ್ಲಿ ವಕೀಲೆ.

"ಚಿಕ್ಕಮ್ಮ, ದಂಡವೂ ಶಿಕ್ಷೆಯೇ. ಕಟ್ಟಿದ ಕೂಡ್ಲೆ ಕೇಸ್ ಅಳಿಸಿ ಹೋಗೂದಿಲ್ಲ. ದಾಖಲೆ ಉಂಟು."

"ಹಾಗಾದ್ರೆ ಕೆಲಸ ಹೋಯ್ತಾ?" ಎಂದರು ಬೊಳ್ಳಮ್ಮ.

"ಹೋಯ್ತು ಅಂತಲೂ ಅಲ್ಲ, ಸಿಕ್ಕೇ ಸಿಗ್ತದೆ ಅಂತಲೂ ಅಲ್ಲ. ಎಂಥ ತಪ್ಪು, ಆಗ ಪ್ರಾಯ ಎಷ್ಟು, ಆಮೇಲೆ ಹೇಗೆ ನಡಕೊಂಡ, ಎಂಥ ಹುದ್ದೆ, ಎಲ್ಲ ನೋಡಿ ಇಲಾಖೆಯವರೇ ತೀರ್ಮಾನ ಮಾಡೂದು. ದೊಡ್ಡ ಅಪರಾಧ ಆದ್ರೆ ಕಷ್ಟ. ಆದ್ರೆ ಮುಚ್ಚಿಟ್ಟದ್ದು ಗೊತ್ತಾದ್ರೆ ಆ ಸುಳ್ಳಿಗೇ ಕೆಲಸ ಹೋಗಬಹುದು, ಸೇರಿ ಎಷ್ಟೋ ವರ್ಷ ಆದ ಮೇಲೂ."

ದೀಕ್ಷಿತ್ "ಹೌದು" ಎಂದು ಬರೆದು ತೀರ್ಪಿನ ಪ್ರತಿಯನ್ನೂ ಲಗತ್ತಿಸಿದ. ಬೊಳ್ಳಮ್ಮ ಮಾತ್ರ ಅನೇಕ ದಿನ ದಿವ್ಯಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ತಾಯಿಯ ಹೊಟ್ಟೆಯ ಸಂಕಟ, ತಪ್ಪೆನ್ನಲಾದೀತೇ?

ಮಳೆ ಬಿಟ್ಟ ಮೇಲೆ ಪೊಲೀಸರೊಬ್ಬರು ವಿಚಾರಣೆಗೆ ಬಂದರು. ಬೆಳ್ಯಪ್ಪ ಬೇಲಿಯಾಚೆಯಿಂದಲೇ ಶುರುಮಾಡಿದರು: "ಸಾರ್, ಈ ಹುಡುಗ ಕೋವಿ ಮುಟ್ಟಿದವನೇ..."

"ಸುಮ್ಮನಿರಿ ಬೆಳ್ಯಪ್ಪಣ್ಣ," ಎಂದರು ಬೊಳ್ಳಮ್ಮ. "ಹೊಡೆದಿದ್ದ ಸಾರ್. ಮದುವೆಗೆ ಜೋರಿರಲಿ ಅಂತ ಕೋವಿ ಕೊಟ್ಟು ಕಳಿಸಿದವಳು ನಾನು. ಆಮೇಲೆ ನಾವು ಯಾರ ಮದುವೆಗೂ ಕೋವಿ ಹೊರಗೆ ತೆಗೆದಿಲ್ಲ."

ಪೊಲೀಸರು ಕೈಯಲ್ಲಿದ್ದ ಹಾಳೆ ತಿರುಗಿಸಿದರು. ಆ ಕೇಸಿನ ವಿವರವೆಲ್ಲ ಅದರಲ್ಲಿ ಮೊದಲೇ ಇತ್ತು. ಬೆಳ್ಯಪ್ಪ ಮೆಲ್ಲಗೆ ಕಾಫಿ ಗಿಡಗಳ ಮರೆಗೆ ಸರಿದರು.

ಇಲಾಖೆ ವಿವರಣೆ ಕೇಳಿತು, ದೀಕ್ಷಿತ್ ಕೊಟ್ಟ. ಕಾಯುವುದರಲ್ಲೇ ಬೊಳ್ಳಮ್ಮ ಅರ್ಧವಾದರು. ಕೊನೆಗೂ ನೇಮಕದ ಆದೇಶ ಬಂದಾಗ ಅವರು ಮೊದಲು ಹೋದದ್ದು ದಿವ್ಯಳ ಮನೆಗೆ. "ಆದೇಶ ಬಾರದಿದ್ದರೂ ನಾನು ಬರ್ತಿದ್ದೆ ಮಗಳೇ," ಎಂದರು. "ಪೊಲೀಸ್ ಬಂದರೆ ಎಂತ ಹೇಳೂದು ಅಂತ ಹೆದರಿಕೆ ಇರಲಿಲ್ಲ ನೋಡು, ಅಷ್ಟೇ ಸಾಕಿತ್ತು."

ನಿಮ್ಮ ಮನೆಯಲ್ಲೂ ಇಂಥ ಹಳೆಯ ಕೇಸೊಂದು ಇರಬಹುದು. ಇನ್ನೂ ಮುಗಿಯದ ಕೇಸಾದರೆ, ತಪ್ಪೊಪ್ಪಿಕೊಂಡು ದಂಡ ಕಟ್ಟುವ ಮೊದಲೇ ವಕೀಲರನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೂ ವಿಚಾರಿಸಬಹುದು. ಫಾರಂ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನೆರೆಮನೆಯ ಹುಡುಗನ ಬಗ್ಗೆ ಯಾರಾದರೂ ವಿಚಾರಿಸಲು ಬಂದರೆ, ಅವನ ಮೇಲಿನ ಪ್ರೀತಿಗಾದರೂ ನಿಜವನ್ನೇ ಹೇಳಿ.